ಮೂರು ದಿನಕ್ಕೆ ತೆರೆದ ಆಟ

ನನ್ನ ಗಂಡ ತೀರಿಕೊಂಡ ಮೇಲೂ ಅವರ ಫೋನನ್ನು ನಾನು ದಿನಾ ಚಾರ್ಜಿಗೆ ಹಾಕುತ್ತಿದ್ದೆ. ಆಟಿ ತಿಂಗಳ, ಅಂದರೆ ಆಷಾಢದ, ಒಂದು ಬೆಳಿಗ್ಗೆ, ಹೊರಗೆ ಮಳೆ ಹೊಡೆಯುತ್ತಿದ್ದಾಗ, ಅದಕ್ಕೊಂದು ಮೇಲ್ ಬಂತು. ನಾನು ಓದಿದ್ದು ಹತ್ತನೆಯವರೆಗೆ, ಅದೂ ಕನ್ನಡದಲ್ಲಿ. ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿಯೇ ಓದಬೇಕು. ಅಭಿನಂದನೆ, ನೀವು ಆಯ್ಕೆಯಾಗಿದ್ದೀರಿ ಎಂದು ಅದರಲ್ಲಿತ್ತು.

ಯಾವುದಕ್ಕೆ ಎಂದು ನನಗೆ ಗೊತ್ತಿತ್ತು. ಚಳಿಗಾಲವಿಡೀ ಅವರು ಅದನ್ನೇ ಕಾದಿದ್ದರು. ಹೊಸ ಆಟವೊಂದನ್ನು ಪೂರ್ತಿ ಮಾಡುವ ಮೊದಲು ಕೆಲವರಿಗೆ ಆಡಿ ನೋಡಲು ಕೊಡುತ್ತಾರೆ, ಅದಕ್ಕೆ ಬೀಟಾ ಅನ್ನುತ್ತಾರೆ ಎಂದು ನನಗೆ ಹೇಳಿಕೊಟ್ಟವರು ಅವರೇ. ಆಟದ ಜಾಹೀರಾತಿನ ವಿಡಿಯೊವನ್ನು ನನಗೆ ಎಷ್ಟು ಸಲ ತೋರಿಸಿದ್ದರೋ. ಅದರ ಕೊನೆಯಲ್ಲಿ ಒಂದು ಉದ್ದದ ಕಲ್ಲಿನ ಸೇತುವೆ ಬರುತ್ತಿತ್ತು. ಸೇತುವೆಯ ಆಚೆ ಸಮುದ್ರ, ಬಂಡೆಯ ಮೇಲೊಂದು ದೀಪಸ್ತಂಭ.

"ನೋಡು, ನಮ್ಮ ಕಾಪುವಿನ ದೀಪಸ್ತಂಭದ ಹಾಗೇ ಇಲ್ವಾ?" ಅನ್ನುತ್ತಿದ್ದರು. "ಇದರಲ್ಲಿ ಇಬ್ಬರು ಒಟ್ಟಿಗೆ ಆಡ್ಲಿಕ್ಕೆ ಆಗ್ತದೆ. ನೀನೂ ಬಾ. ಅಲ್ಲಿವರೆಗೆ ಹೋಗುವ."

ನನಗಾಗಿ, ಕೈಯಲ್ಲಿ ಹಿಡಿದು ಆಡುವ ಎರಡನೆಯ ಕಂಟ್ರೋಲರ್ ಕೂಡ ತಂದಿಟ್ಟಿದ್ದರು. ಹೋಳಿ ಹಬ್ಬದ ಮರುವಾರ, ಆಫೀಸಿನಿಂದ ಬರುವಾಗ, ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಾ ಉಸಿರು ಸಿಗದೆ ಕಂಬಿ ಹಿಡಿದು ಕೂತವರು ಮತ್ತೆ ಏಳಲಿಲ್ಲ.

ಆಟ ತೆರೆದಿರುವುದು ಶುಕ್ರವಾರದಿಂದ ಭಾನುವಾರ ಸಂಜೆ ಏಳೂವರೆಯವರೆಗೆ. ಆಮೇಲೆ ಎಲ್ಲ ಅಳಿಸಿಹೋಗುತ್ತದೆ. ಅಷ್ಟರೊಳಗೆ ಆ ದೀಪಸ್ತಂಭದ ಬುಡಕ್ಕೆ ಹೋಗಬೇಕು ಎಂದು ನಾನು ನಿಶ್ಚಯಿಸಿದೆ. ಹೋಗಿ ಏನು ಮಾಡುವುದು ಎಂದು ಯೋಚಿಸಿರಲಿಲ್ಲ.

ಬೊರಿವಲಿಯಲ್ಲಿರುವ ಅವರ ಗೆಳೆಯನಿಗೆ ಫೋನ್ ಮಾಡಿದೆ. ಆಟದಲ್ಲಿ ಅವರಿಗೆ ಜೊತೆ ಕೊಡುತ್ತಿದ್ದವನು ಅವನು. ಮೂಲ ಬೆಂಗಳೂರಿನವನಾದರೂ ಹುಟ್ಟಿ ಬೆಳೆದದ್ದು ಇಲ್ಲಿ ಮುಂಬೈಯಲ್ಲಿಯೇ.

"ಭಾಬಿ, ನೀವು ಆಡ್ತೀರಾ? ಸಚ್ಚಿ?" ಎಂದು ಕೇಳಿದ. "ನನಗೆ ಇನ್ವೈಟ್ ಬರ್ಲಿಲ್ಲ, ನೋಡಿ. ಭಾಯ್‌ಗೆ ಬಂತು. ಚಲೋ, ಫೋನ್ ಸ್ಪೀಕರ್ ಮೇಲೆ ಹಾಕಿ."

ಮುಲುಂಡ್‌ನ ನಮ್ಮ ಮನೆಯೆಂದರೆ ಒಂದು ಹಾಲ್, ಒಂದು ಅಡುಗೆಮನೆ; ಈಗ ಅದರಲ್ಲಿ ನಾನು, ಅತ್ತೆ ಇಬ್ಬರೇ. ಹಾಲ್‌ನ ಕಿಟಕಿಗೆ ತಾಗಿ ಅವರ ಮೇಜು, ಕುರ್ಚಿ, ಕಂಪ್ಯೂಟರ್. ಮದುವೆಯಾದಂದಿನಿಂದ ನಾನು ಸೀರೆಗೆ ಫಾಲ್ ಹೊಲಿಯುತ್ತಾ ಅವರ ಹಿಂದೆ ನೆಲದ ಮೇಲೆ ಕೂರುತ್ತಿದ್ದೆ. ಶುಕ್ರವಾರ ಮೊದಲ ಸಲ ಆ ಕುರ್ಚಿಯಲ್ಲಿ ಕುಳಿತೆ.

ಆಟ ಶುರುವಾಗುವ ಮೊದಲು ನಮ್ಮ ಮನುಷ್ಯನನ್ನು ನಾವೇ ರೂಪಿಸಬೇಕು. ಮೂಗು, ದವಡೆ, ಕಣ್ಣಿನ ಬಣ್ಣ, ಎಲ್ಲಕ್ಕೂ ಆಯ್ಕೆಗಳಿದ್ದವು. ಅವರ ಮುಖ ಮಾಡಲು ನೋಡಿದೆ. ಮೂಗು ಸರಿಬಂದರೆ ಬಾಯಿ ಬೇರೆ ಯಾರದೋ ಆಗುತ್ತಿತ್ತು. ಹೆದರಿಕೆಯಾಗಿ ಎಲ್ಲ ಅಳಿಸಿ, ಯಂತ್ರ ತಾನಾಗಿ ಕೊಟ್ಟ ಮುಖವನ್ನೇ ಒಪ್ಪಿಕೊಂಡೆ. ಅದರಿಂದ ನಷ್ಟವೇನೂ ಆಗಲಿಲ್ಲ. ಆಟದಲ್ಲಿ ಉದ್ದಕ್ಕೂ ಕಾಣುವುದು ಅವನ ಬೆನ್ನು ಮಾತ್ರ. ನನಗೆ ಅದು ಅಭ್ಯಾಸವಿದ್ದ ನೋಟ.

ಅವನು ಎಚ್ಚರವಾಗುವುದು ಒಂದು ಹಾಳು ಊರಿನಲ್ಲಿ. ಅಲ್ಲೂ ಮಳೆ. ಬಾಗಿಲುಗಳೆಲ್ಲ ಮುಚ್ಚಿವೆ. ಕಲ್ಲಿನ ಮೇಲೆ ಅವನದೇ ಬೂಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ಸದ್ದನ್ನು ಮಾಡಿದವರು ಯಾರೋ ಗೊತ್ತಿಲ್ಲ, ಚೆನ್ನಾಗಿ ಮಾಡಿದ್ದಾರೆ. ಒದ್ದೆ ಕಲ್ಲಿಗೂ ಒಣ ಕಲ್ಲಿಗೂ ವ್ಯತ್ಯಾಸ ತಿಳಿಯುತ್ತದೆ. ಕೆಲವು ಕಡೆ ಕೆಲಸ ಅರ್ಧಕ್ಕೇ ನಿಂತಿತ್ತು. ಒಬ್ಬ ಮುದುಕಿ ಮೊಣಕಾಲಿನವರೆಗೆ ನೆಲದೊಳಗೆ ಹೂತುಕೊಂಡು ಮಾತಾಡುತ್ತಿದ್ದಳು.

"ಬೀಟಾ ಅಲ್ವಾ ಭಾಬಿ, ಅಧೂರಾ ಇರುತ್ತೆ," ಅಂದ ಗೆಳೆಯ.

ನನಗೆ ಕಷ್ಟವಾದದ್ದು ಅದಲ್ಲ. ಪರದೆಯ ಮೂಲೆಯಲ್ಲಿ ಒಂದು ಹಸಿರು ಪಟ್ಟಿ ಇರುತ್ತದೆ, ಅದು ಅವನ ದಮ್ಮು. ಓಡಿದರೆ, ಕತ್ತಿ ಬೀಸಿದರೆ ಕಡಿಮೆಯಾಗುತ್ತಾ ಬರುತ್ತದೆ. ಪೂರ್ತಿ ಮುಗಿದರೆ ಅವನು ಬಾಗಿ, ಮೊಣಕಾಲು ಹಿಡಿದು ಏದುಸಿರು ಬಿಡುತ್ತಾನೆ. ಆಗ ಯಾವ ಗುಂಡಿ ಒತ್ತಿದರೂ ಏಳುವುದಿಲ್ಲ. ಮೊದಲ ಸಲ ಅದನ್ನು ಕೇಳಿದಾಗ ಕಂಟ್ರೋಲರ್ ಕೆಳಗಿಟ್ಟು ಅಡುಗೆಮನೆಗೆ ಹೋದೆ. ನಾನು ವಾಪಸ್ ಬರುವಷ್ಟರಲ್ಲಿ ಯಾರೋ ಬಂದು ಅವನನ್ನು ಕೊಂದಿದ್ದರು.

"ಪಾಝ್ ಇಲ್ಲ ಭಾಬಿ ಇದರಲ್ಲಿ," ಅಂದ ಗೆಳೆಯ. "ಆನ್‌ಲೈನ್ ಗೇಮ್. ನಾವು ಎದ್ದು ಹೋದ್ರೂ ಅದು ನಿಲ್ಲಲ್ಲ."

ಗೊತ್ತಿದ್ದ ಮಾತೇ. ಎಷ್ಟೋ ವರ್ಷ ಊಟಕ್ಕೆ ಕರೆದಾಗ ಅವರಿಂದ ಬಂದ ಉತ್ತರ ಇದೇ: ಒಂದು ನಿಮಿಷ, ನಿಲ್ಲಿಸ್ಲಿಕ್ಕೆ ಆಗುದಿಲ್ಲ.

ಸತ್ತರೆ ಪರದೆ ಕಪ್ಪಾಗಿ, ನೀನು ಸತ್ತೆ ಎಂದು ಬರುತ್ತದೆ. ಸ್ವಲ್ಪ ಹೊತ್ತಿಗೆ ಅವನು ಹಿಂದೆ ದಾಟಿ ಬಂದ ಲಾಂದ್ರದ ಪಕ್ಕದಲ್ಲಿ ಎದ್ದು ನಿಲ್ಲುತ್ತಾನೆ, ಮೈಕೈ ಕೊಡವಿಕೊಳ್ಳುತ್ತಾನೆ. ಇದನ್ನು ನೋಡಿ ನನಗೆ ಸಮಾಧಾನವಾಗಬಹುದೆಂದು ಗೆಳೆಯ ಅಂದುಕೊಂಡಿದ್ದನೇನೋ. ನನಗೆ ಸಿಟ್ಟು ಬಂತು. ಶನಿವಾರವೆಲ್ಲ ಆ ಸಿಟ್ಟಿನಲ್ಲೇ ಆಡಿದೆ, ಕೈ ಸ್ವಲ್ಪ ಪಳಗಿತು.

ಸೇತುವೆಯನ್ನು ಕಾಯುವವನೊಬ್ಬ ದೈತ್ಯ. ಅವನಿಗೆ ತಲೆಯ ಜಾಗದಲ್ಲಿ ಕಂಚಿನ ಗಂಟೆ. ಹೊಡೆಯುವ ಮುಂಚೆ ಆ ಗಂಟೆ ಒಮ್ಮೆ ಬಾರಿಸುತ್ತದೆ.

"ಯಾವ ದೇವಸ್ಥಾನದ್ದು ಅದು?" ಎಂದು ಅತ್ತೆ ಅಡುಗೆಮನೆಯಿಂದ ಕೇಳಿದರು.

"ಆಟದ್ದು, ಅತ್ತೆ."

"ಅವನು ಹೋದ, ಅವನ ಹುಚ್ಚು ನಿನಗೆ ಬಿಟ್ಟು ಹೋದ." ಆಮೇಲೆ ಅಂದರು, "ನಾಳೆ ಸಂಜೆ ಅವನಿಗೆ ಬಡಿಸ್ಲಿಕ್ಕೆ ಉಂಟು. ನೆನಪಿರಲಿ."

ನಮ್ಮ ತುಳುನಾಡಿನ ಕಡೆ ಆಟಿಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುತ್ತೇವೆ. ಅವರಿಗೆ ಇಷ್ಟವಾದ ಅಡುಗೆ, ಇಷ್ಟವಾದ ವಸ್ತು ಎಲ್ಲವನ್ನೂ ಇಟ್ಟು, ಬಾಗಿಲು ಎಳೆದುಕೊಂಡು ಮನೆಯವರು ಹೊರಗೆ ಬರಬೇಕು. ಅವರು ಉಂಡು ಮುಗಿಸುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ. ಆಮೇಲೆ ಬಾಗಿಲು ತಟ್ಟಿ ಹೋಗಬೇಕು. ಭಾನುವಾರವೇ ಆಗಬೇಕೆಂದು ಅತ್ತೆ ವಾರದ ಹಿಂದೆಯೇ ನಿಶ್ಚಯಿಸಿದ್ದರು. ಆಗ ಆಟದ ಸುದ್ದಿ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಕೋಳಿ ಕೊಯ್ದು ಕೊಟ್ಟೆ, ಮಸಾಲೆ ಅರೆದುಕೊಟ್ಟೆ. ಮಧ್ಯಾಹ್ನದಿಂದ ಕುರ್ಚಿ ಬಿಟ್ಟು ಏಳಲಿಲ್ಲ. ಸ್ಪೀಕರ್‌ನಲ್ಲಿ ಗೆಳೆಯ ಕೂಗುತ್ತಲೇ ಇದ್ದ. "ಗಂಟೆ ಬಾರಿಸಿದ ತಕ್ಷಣ ಉರುಳಿ ಭಾಬಿ! ಪೀಛೆ ಹೋಗಿ, ಹಿಂದೆ! ಲಾಲಚ್ ಮಾಡ್ಬೇಡಿ, ಜಾಸ್ತಿ ಆಸೆ ಬೇಡ, ಎರಡೇ ಏಟು!" ಸತ್ತೆ, ಎದ್ದೆ, ಮತ್ತೆ ಹೋದೆ. ಸಂಜೆ ಆರೂವರೆಯ ಹೊತ್ತಿಗೆ ದೈತ್ಯ ಮೊಣಕಾಲೂರಿದ. ಗಂಟೆ ಕಳಚಿ ಕಲ್ಲಿನ ಮೇಲೆ ಉರುಳಿಕೊಂಡು ಹೋಯಿತು. ಗೆಳೆಯ ಆ ಕಡೆಯಿಂದ ಕಿರುಚಿದ, ಆಮೇಲೆ ಅಳುತ್ತಿದ್ದಾನೆಂದು ತಿಳಿಯಿತು. "ಆಮೇಲೆ ಮಾಡ್ತೀನಿ ಭಾಬಿ," ಎಂದು ಫೋನ್ ಇಟ್ಟುಬಿಟ್ಟ.

ಮಂಜು ಸರಿಯಿತು. ಸೇತುವೆ ಖಾಲಿಯಿತ್ತು. ಅದರ ಆ ತುದಿಯಲ್ಲಿ, ವಿಡಿಯೊದಲ್ಲಿ ಕಂಡಂತೆಯೇ, ದೀಪ ತಿರುಗುತ್ತಿತ್ತು. ನಾನು ಓಡತೊಡಗಿದೆ.

"ಎಲೆ ಹಾಕಿ ಆಯ್ತು," ಎಂದು ಅತ್ತೆ ಕರೆದರು. "ಬಾ, ಸಾರು ಆರ್ತದೆ."

"ಒಂದು ನಿಮಿಷ."

ನನ್ನ ಬಾಯಿಂದ ಬಂದದ್ದೇನೆಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಅತ್ತೆ ಸಾರಿನ ಪಾತ್ರೆ ಹಿಡಿದು ನಿಂತಲ್ಲೇ ನಿಂತರು. ನಾನು ಕೈ ನಿಲ್ಲಿಸಿದೆ. ಸೇತುವೆಯ ನಡುವೆ ಅವನೂ ನಿಂತ.

ಕುರ್ಚಿಯ ಪಕ್ಕ ನೆಲದ ಮೇಲೆ ಬಾಳೆ ಎಲೆ. ಅದರಲ್ಲಿ ಅಕ್ಕಿಯ ಗರಿಗರಿ ಒಣ ರೊಟ್ಟಿ ಮುರಿದು ಹಾಕಿ, ಅತ್ತೆ ಅದರ ಮೇಲೆ ಕೋಳಿ ಸಾರು ಹೊಯ್ದರು. ಎಲೆಯ ಒಂದು ಬದಿಗೆ ವೀಳ್ಯ, ಅಡಿಕೆ, ಅವರ ಕನ್ನಡಕ. ನಾನು ಕಂಪ್ಯೂಟರ್ ಆರಿಸಲು ಬಗ್ಗಿದಾಗ ಅತ್ತೆ ತಡೆದರು.

"ಇರಲಿ ಬಿಡು. ನಿನ್ನ ಕೈಯಲ್ಲಿರುದನ್ನೂ ಇಡು ಎಲೆ ಹತ್ರ. ಬದುಕಿದ್ದಾಗ ಕರೆದ್ರೆ ಏಳ್ತಿರ್ಲಿಲ್ಲ, ಈಗ ಅದೂ ಇಲ್ಲದಿದ್ರೆ ಬರ್ತಾನಾ?"

ನಾನು ಕಂಟ್ರೋಲರನ್ನು ಕನ್ನಡಕದ ಪಕ್ಕ ಇಟ್ಟೆ. ಎರಡನೆಯದನ್ನೂ ತಂದು ಇಟ್ಟೆ. ಬಾಗಿಲು ಎಳೆದುಕೊಂಡು ಇಬ್ಬರೂ ಹೊರಗೆ ಬಂದೆವು.

ಪ್ಯಾಸೇಜಿನಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಅತ್ತೆ ಸ್ಟೂಲ್ ಹಾಕಿ ಕುಳಿತರು. ಎದುರು ಮನೆಯ ಮರಾಠಿ ಆಜಿ ಹಾಲಿನ ಚೀಲ ಹಿಡಿದು ಬಂದವರು, "ಕಾಯ್ ಝಾಲ? ಚಾವಿ ಹರವಲೀ ಕಾ?" ಎಂದು ಕೇಳಿದರು. ಕೀ ಕಳೆದಿಲ್ಲ, ಒಳಗೆ ಮಗ ಊಟ ಮಾಡುತ್ತಿದ್ದಾನೆ ಎಂದು ಅತ್ತೆ ತಮ್ಮ ಮುರುಕು ಮರಾಠಿಯಲ್ಲಿ ಹೇಳಿದರು. ಆಜಿ ನನ್ನ ಮುಖ ನೋಡಿದರು, ಅತ್ತೆಯ ಭುಜ ಮುಟ್ಟಿ ತಮ್ಮ ಮನೆಯೊಳಗೆ ಹೋದರು.

ಕೈಯಲ್ಲಿ ಫೋನಿತ್ತು. ಏಳು ದಾಟಿತ್ತು.

"ಸಾಕಲ್ವಾ ಅತ್ತೆ?" ಎಂದೆ.

"ಇರು ಮಾರಾಯ್ತಿ. ಅವನು ನಿಧಾನ ಉಣ್ಣುವವನು."

ಅದು ನಿಜ. ಮೂಳೆಯನ್ನೆಲ್ಲ ಬಿಡಿಸಿ ಸಾಲಾಗಿ ಎಲೆಯ ಅಂಚಿಗಿಟ್ಟು ಉಣ್ಣುತ್ತಿದ್ದರು. ಒಳಗಿನಿಂದ ಆಟದ ಸಮುದ್ರದ ಸದ್ದು ಬಾಗಿಲಿನ ಸಂದಿಯಲ್ಲಿ ಸಣ್ಣಗೆ ಬರುತ್ತಿತ್ತು. ನನಗೆ ಬೇಕಾಗಿದ್ದುದು ಎರಡು ನಿಮಿಷದ ಓಟ. ಮಗನಿಗೆ ಇನ್ನೆರಡು ತುತ್ತು ಉಣ್ಣಲು ಬಿಡುತ್ತಿರುವ ತಾಯಿಯ ಹತ್ತಿರ ಅದನ್ನು ಹೇಗೆ ಕೇಳುವುದು? ನಾನು ಗೋಡೆಗೆ ಒರಗಿ ನಿಂತೆ. ಏಳೂವರೆಗೆ ಸಮುದ್ರದ ಸದ್ದು ನಿಂತಿತು. ಅತ್ತೆಗೂ ಕೇಳಿಸಿರಬೇಕು, ತಲೆಯೆತ್ತಿ ಬಾಗಿಲನ್ನು ನೋಡಿದರು. ಆದರೂ ಇನ್ನಷ್ಟು ಹೊತ್ತು ಕೂತೇ ಇದ್ದರು.

ಕೊನೆಗೆ ಎದ್ದು, ಬೆರಳಿನ ಗೆಣ್ಣಿನಿಂದ ಬಾಗಿಲು ತಟ್ಟಿದರು. ಯಾರೋ ಉಡುಪು ಸರಿಮಾಡಿಕೊಳ್ಳಲೆಂಬಂತೆ ಒಂದು ಗಳಿಗೆ ಕಾದು ಬಾಗಿಲು ತೆಗೆದರು.

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಎರಡು ಸಾಲು ಇತ್ತು.

"ಎಂತ ಬರೆದದ್ದು?"

"ಮುಗಿಯಿತಂತೆ, ಅತ್ತೆ. ಬಂದದ್ದಕ್ಕೆ ಉಪಕಾರ ಅಂತ."

"ಅವನು ಹೋಗಿ ಮುಟ್ಟಿದನಾ, ನೀನು ಹೇಳ್ತಿದ್ದೆಯಲ್ಲ, ಆ ದೀಪದ ಹತ್ರ?"

"ಗೊತ್ತಿಲ್ಲ."

ಅವರು ಕಂಟ್ರೋಲರ್‌ಗಳನ್ನು ನೋಡಿದರು. ಇಟ್ಟ ಹಾಗೆಯೇ ಇದ್ದವು. ಎಲೆಯ ಮೇಲಿನ ರೊಟ್ಟಿ ಸಾರು ಹೀರಿ ಮುದ್ದೆಯಾಗಿತ್ತು. ಕೊಬ್ಬು ಹೆಪ್ಪುಗಟ್ಟಿ ಅಂಚಿಗೆ ಅಂಟಿಕೊಂಡಿತ್ತು. ಬಡಿಸಿದ ಎಲೆಯಿಂದ ಮನೆಯವರು ತಿನ್ನುವುದು ಪದ್ಧತಿ. ಪಾತ್ರೆಯಲ್ಲಿ ಉಳಿದ ಸಾರನ್ನಾದರೂ ಬಿಸಿ ಮಾಡೋಣವೆಂದು ನಾನು ಅಡುಗೆಮನೆಗೆ ಹೊರಟೆ.

"ಬೇಡ," ಅಂದರು ಅತ್ತೆ. "ಅವನು ಹೀಗೇ ತಿಂದದ್ದು."

ಎಲೆಯ ಎರಡು ಬದಿಗೆ ಕುಳಿತೆವು. ರೊಟ್ಟಿ ಬಾಯಲ್ಲಿಟ್ಟರೆ ಕರಗುತ್ತಿತ್ತು, ಅಗಿಯುವುದಕ್ಕೇನೂ ಇರಲಿಲ್ಲ. ಆದರೂ ಅತ್ತೆ ಒಂದೊಂದು ತುತ್ತನ್ನೂ ತುಂಬ ಹೊತ್ತು ಅಗಿದರು.