ತಂಗಿಯ ತಪ್ಪು ಕೇಳಲು ಧಾರವಾಡಕ್ಕೆ

ಹಾವೇರಿ ದಾಟುವಾಗ ಬೆಳಗಾಯಿತು. ಕಿಟಕಿಯ ಆಚೆ ಕಪ್ಪು ನೆಲ, ಅದರ ಮೇಲೆ ಗಿಡ್ಡ ಕಡಲೆ, ನಡುನಡುವೆ ತೆನೆ ಹೊತ್ತು ನಿಂತ ಬಿಳಿಜೋಳ. ಮೈಸೂರಿನಿಂದ ಹೊರಟ ರೈಲಿನಲ್ಲಿ ನನಗೆ ಸಿಕ್ಕಿದ್ದು ಮೇಲಿನ ಬರ್ತು. ಅರವತ್ತು ದಾಟಿದ ಮಂಡಿಗೆ ಅದು ಆಗುವ ಮಾತಲ್ಲ. ಕೆಳಗಿನ ಬರ್ತಿನಲ್ಲಿದ್ದ ರಾಣೆಬೆನ್ನೂರಿನ ಹೆಂಗಸೊಬ್ಬರು ನಾನು ಕೇಳುವ ಮೊದಲೇ ಜಾಗ ಬಿಟ್ಟುಕೊಟ್ಟು ತಾವು ಮೇಲೆ ಹತ್ತಿದರು. ಅವರು ಇಳಿದು ಹೋದದ್ದು ನನಗೆ ತಿಳಿಯಲೇ ಇಲ್ಲ. ಥ್ಯಾಂಕ್ಸ್ ಹೇಳಲೆಂದೇ ಹೊರಟವಳು ಮೊದಲನೆಯದನ್ನೇ ಹೇಳದೆ ಉಳಿದೆ.

ನಾನು ಹೊರಟದ್ದು ಎಂದೂ ಮುಖ ಕಂಡಿರದ ಕೆಲವರನ್ನು ನೋಡಲು. ನನ್ನ ತಂಗಿ ಸುಮಿತ್ರಾ ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರಾಗಿದ್ದಳು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟು, ವಾರಕ್ಕೆ ಮೂರು ದಿನ ಡಯಾಲಿಸಿಸ್ ಹಾಸಿಗೆಯ ಮೇಲೆ ಮಲಗುವಂತಾಯಿತು. ಆ ದಿನಗಳಲ್ಲಿ ಯಾವುದೋ ವಿಜ್ಞಾನ ಪತ್ರಿಕೆಯಲ್ಲಿ ಹುಬ್ಬಳ್ಳಿ-ಧಾರವಾಡದ ಒಂದು ಅಧ್ಯಯನ ಬಳಗದ ಲೇಖನ ಓದಿದಳು. ಪ್ರಪಂಚದಲ್ಲಿ ವರ್ಷಕ್ಕೆ ಎಷ್ಟು ರಾಕೆಟ್ ಹಾರುತ್ತವೆ, ಎಷ್ಟು ಭಾರ ಒಯ್ಯುತ್ತವೆ, ಎಷ್ಟು ಬೀಳುತ್ತವೆ, ಒಂದು ಹೊಸ ತಂತ್ರ ಪ್ರಯೋಗದ ಹಂತ ದಾಟಿ ದಿನಬಳಕೆಗೆ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂದೆಲ್ಲ ಲೆಕ್ಕ ಇಟ್ಟು, ಮುಂದೆ ಏನಾದೀತು ಎಂದು ಅಂದಾಜು ಹೇಳುವುದು ಆ ಬಳಗದ ಕೆಲಸ. ಲೇಖನದಲ್ಲಿದ್ದ ಒಂದು ರೇಖಾನಕ್ಷೆ ಸರಿಯಿಲ್ಲವೆಂದು ಸುಮಿತ್ರಾ ಅವರಿಗೆ ಫೋನು ಮಾಡಿದಳು. ಅವರು ಬೇಸರ ಮಾಡಿಕೊಳ್ಳುವ ಬದಲು, ನಮ್ಮ ಜೊತೆ ಸೇರಿಕೊಳ್ಳಿ ಎಂದರು.

ಸೇರಿದಳು. ಬಳಗದ ಚರ್ಚೆ ಮೊದಲು ಭಾನುವಾರ ಸಂಜೆ ನಡೆಯುತ್ತಿತ್ತಂತೆ. ಅವಳಿಗಾಗಿ ಅದನ್ನು ಬುಧವಾರ ಮಧ್ಯಾಹ್ನಕ್ಕೆ, ಡಯಾಲಿಸಿಸ್ ಹೊತ್ತಿಗೇ ತಂದುಕೊಂಡರು. ಸೂಜಿ ಚುಚ್ಚಿದ ಕೈ ಅಲ್ಲಾಡಿಸುವಂತಿಲ್ಲ. ಫೋನು ಹಿಡಿದು ಕೂರುವುದು ನನ್ನ ಪಾಲಿಗೆ ಬಂತು. ಹೀಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ನನಗೆ ಅರ್ಥವಾಗದ ಮಾತುಗಳನ್ನು, ಅರ್ಥವಾಗುವ ಜಗಳಗಳನ್ನು ಕೇಳಿದೆ. ಹೋದ ಆಷಾಢದಲ್ಲಿ ಸುಮಿತ್ರಾ ತೀರಿಕೊಂಡಳು. ಬಳಗದ ವಾರ್ಷಿಕ ಸಭೆಗೆ ಬರಬೇಕೆಂದು ಈ ಮಾಘದಲ್ಲಿ ಅವರು ಕರೆದಾಗ, ಒಮ್ಮೆ ಎದುರು ನಿಂತು ಕೈಮುಗಿದು ಬರೋಣವೆಂದು ಹೊರಟೆ.

ಹುಬ್ಬಳ್ಳಿಯ ಪ್ಲಾಟ್‌ಫಾರ್ಮು ಮುಗಿಯುವುದೇ ಇಲ್ಲವೇನೋ ಎಂಬಷ್ಟು ಉದ್ದ. ಜನದ ನಡುವೆ ಯಾರನ್ನು ಹುಡುಕಲಿ ಎಂದು ನಿಂತಿದ್ದಾಗ ಬೆನ್ನ ಹಿಂದೆ ಯಾರೋ ಕೂಲಿಯವನನ್ನು ಲಗೂ ಲಗೂ ಎಂದು ಅವಸರಪಡಿಸುವುದು ಕೇಳಿಸಿತು. ಫೋನಿನಲ್ಲಿ ಎಷ್ಟೋ ಬುಧವಾರ ಕೇಳಿದ ದನಿ. ತಿರುಗಿ "ಬಸವರಾಜ ಕಾಕಾ?" ಎಂದೆ. ಬಿಳಿ ಟೊಪ್ಪಿಗೆ, ದಪ್ಪ ಕನ್ನಡಕದ ಎತ್ತರದ ಮುದುಕರು ನನ್ನನ್ನೇ ನೋಡಿ, "ಬರ್ರಿ ಅಕ್ಕಾರ. ದನಿ ಮ್ಯಾಲೇ ಗುರ್ತು ಹಿಡದ್ರಿ ನೋಡ್ರಿ" ಎಂದರು. ಅವರ ಕಣ್ಣು ತುಂಬಿದವು. ಚೀಲ ಎತ್ತಿಕೊಳ್ಳುವ ನೆವದಲ್ಲಿ ಬಗ್ಗಿದರು.

ಕಾಕಾ ಹತ್ತಿ ವ್ಯಾಪಾರದ ಮನೆತನದವರು. ಅಂಗಡಿಯನ್ನು ಅಣ್ಣನ ಮಕ್ಕಳಿಗೆ ಬಿಟ್ಟ ಮೇಲೆ, ದರಗಳ ಏರಿಳಿತ ನೋಡುವ ಚಟ ಬಿಡಲಾರದೆ ಈ ಬಳಗ ಸೇರಿದವರು. ಕೇಶ್ವಾಪುರದ ಅವರ ಮನೆಯಲ್ಲಿ ಸ್ನಾನ ಮುಗಿಸುವಷ್ಟರಲ್ಲಿ ಅವರ ಹೆಂಡತಿ ಒಗ್ಗರಣೆ ಅವಲಕ್ಕಿ, ಮಿರ್ಚಿ, ಚಹಾ ತಂದಿಟ್ಟರು. ಸುಮಿತ್ರಾಗೆ ಉಪ್ಪು ಬಿಡಿಸಿದ್ದ ವರ್ಷಗಳಲ್ಲಿ ನಾನೂ ಉಪ್ಪು ಕಡಿಮೆ ಮಾಡಿದ್ದೆ. ಅಂದು ಎರಡು ಮಿರ್ಚಿ ತಿಂದು ಮೂರನೆಯದಕ್ಕೂ ಕೈ ಹಾಕಿದೆ. ಆ ತಾಯಿ ಏನೂ ಕೇಳದೆ ತಟ್ಟೆಯನ್ನು ನನ್ನ ಹತ್ತಿರಕ್ಕೆ ಸರಿಸಿದರು.

ಊಟದ ಹೊತ್ತಿಗೆ ಮೊದಲೇ ಚಿಗರಿ ಬಸ್ಸು ಹಿಡಿದೆವು. ಎರಡೂ ಊರುಗಳ ನಡುವೆ ತನ್ನದೇ ದಾರಿಯಲ್ಲಿ ಓಡುವ ತಂಪು ಬಸ್ಸು ಅದು. ಟಿಕೆಟ್ ನಾನು ತೆಗೆಸುತ್ತೇನೆಂದರೆ ಕಾಕಾ ಕೇಳಲಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು. ಬಳಗದ ಕೋಣೆ ಇರುವುದು ನಡುವಿನ ಬೈರಿದೇವರಕೊಪ್ಪದಲ್ಲಿ. ಅಲ್ಲೇ ಯಾಕೆ ಎಂದು ಕೇಳಿದೆ. ಸದಸ್ಯರಲ್ಲಿ ಅರ್ಧ ಜನ ಹುಬ್ಬಳ್ಳಿಯವರು, ಅರ್ಧ ಜನ ಧಾರವಾಡದವರು, ಯಾರೂ ಯಾರ ಊರಿಗೂ ಸೋಲಲು ಒಪ್ಪಲಿಲ್ಲ ಎಂದು ಕಾಕಾ ವಿವರಿಸಿದರು.

ಹೊಸ ಬಡಾವಣೆಯ ಮನೆಯೊಂದರ ಮಹಡಿ. ದೊಡ್ಡ ಮೇಜು, ಮೂರು ಕಂಪ್ಯೂಟರು, ಗೋಡೆ ತುಂಬ ನಕ್ಷೆಗಳು. ಬಳಗವನ್ನು ಕಟ್ಟಿದ ಗಿರಿಜಾ ಮೇಡಂ ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು. ಅವರು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ಫೋನಿನಲ್ಲಿ ಕೇಳಿದಾಗ ದೊಡ್ಡ ಆಳಿನಂತೆ ಕಂಡಿದ್ದರು, ನೋಡಿದರೆ ನನ್ನ ಭುಜಕ್ಕೆ ಬರುವಷ್ಟು ಕುಳ್ಳಗಿದ್ದಾರೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಸಲೀಂ ನಕ್ಷೆಗಳನ್ನು ಒಂದೊಂದಾಗಿ ತೋರಿಸಿದರು. ಹಿಂದಿನ ಕಾಲದ ರೈಲು, ಹಡಗು, ಈಚಿನ ಸೋಲಾರ್ ಫಲಕ, ಇವೆಲ್ಲ ಹೇಗೆ ಹೆಚ್ಚುತ್ತ ಹೋದವು, ಹೆಚ್ಚಿದಂತೆ ಹೇಗೆ ಅಗ್ಗವಾದವು, ರಾಕೆಟ್ಟು ಅದೇ ಹಾದಿ ಹಿಡಿದಿದೆಯೇ ಎಂಬುದನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಇಷ್ಟು ದಿನ ಫೋನು ಹಿಡಿದು ಕೂತವಳಿಗೆ ಅವರು ಏನು ಮಾತಾಡುತ್ತಿದ್ದರೆಂಬುದು ಅಂದು ತಿಳಿಯಿತು.

ಗೋಡೆಯ ನಡುವೆ ಒಂದು ಜಾಗ ಮಾತ್ರ ಖಾಲಿ ಇತ್ತು. ಆಗತಾನೇ ಏನನ್ನೋ ಕಿತ್ತಿದ್ದರು, ಅಂಟು ಟೇಪಿನ ತುಣುಕು ಇನ್ನೂ ಅಲ್ಲಿತ್ತು. ಅದೇನೆಂದು ಕೇಳಿದೆ. ಸಲೀಂ ತಿರುಗಿ ಕಾಕಾರ ಮುಖ ನೋಡಿದರು, ಕಾಕಾ ಕಿಟಕಿಯ ಆಚೆ ನೋಡಿದರು.

ಹೇಳಿದವರು ಗಿರಿಜಾ ಮೇಡಂ. ವಾರ್ಷಿಕ ಸಭೆಯಲ್ಲಿ ಬಳಗದ ಒಂದು ಪದ್ಧತಿ ಇದೆಯಂತೆ. ಯಾವ ಅಂದಾಜು ತಪ್ಪಿತು, ಯಾರು ಮಾಡಿದ್ದು, ಯಾಕೆ ತಪ್ಪಿತು ಎಂಬುದನ್ನು ಹೆಸರು ಹಿಡಿದು ಜನರ ಮುಂದೆ ಓದುತ್ತಾರೆ. ಮೇಡಂ ಅವರದೇ ಎಷ್ಟೋ ಬಾರಿ ಓದಿಯಾಗಿದೆ. ಈ ಸಲ ತಪ್ಪಿದ್ದರಲ್ಲಿ ದೊಡ್ಡದು ಸುಮಿತ್ರಾಳದು. ರಾಕೆಟ್ಟಿನ ಕೆಳಭಾಗವನ್ನು ಮತ್ತೆ ನೆಲಕ್ಕಿಳಿಸಿ ಪುನಃ ಹಾರಿಸುವುದು ರೂಢಿಯಾದರೆ, ಸಾಮಾನು ಕಳಿಸುವ ಗಿರಾಕಿ ಕಿಲೋಗೆ ಕೊಡುವ ದರವೂ ಅಷ್ಟೇ ವೇಗದಲ್ಲಿ ಇಳಿಯುತ್ತದೆ ಎಂದು ಅವಳು ಗೆರೆ ಎಳೆದಿದ್ದಳು. ಹಾರಿಸುವವರ ಖರ್ಚೇನೋ ಇಳಿದಂತಿದೆ. ದರ ಅವಳು ಹೇಳಿದಷ್ಟು ಇಳಿಯಲಿಲ್ಲ. ಗೋಡೆಯಿಂದ ಕಿತ್ತದ್ದು ಆ ನಕ್ಷೆಯನ್ನೇ.

ಆ ಜಗಳ ನನಗೆ ನೆನಪಿತ್ತು. ಎದುರಿಗೆ ಇನ್ನೊಬ್ಬ ಅಂಗಡಿ ಹಾಕುವ ತನಕ ಯಾವ ವ್ಯಾಪಾರಿಯೂ ದರ ಇಳಿಸುವುದಿಲ್ಲ ಎಂಬುದು ಕಾಕಾರ ವಾದ. ಕಾಕಾ ಹತ್ತಿ ಅಂಗಡಿಯ ಗಾದಿಯ ಮೇಲೆ ಕೂತು ಆಕಾಶ ನೋಡುತ್ತಾರೆ ಎಂದು ಸುಮಿತ್ರಾ ನಗುತ್ತಿದ್ದಳು. ಈಗ ಕಾಕಾರ ಮಾತೇ ನಿಜವಾಗಿತ್ತು. ಆದರೆ ಅದನ್ನು ಸಭೆಯಲ್ಲಿ ಓದಕೂಡದು ಎಂದು ಹಟ ಹಿಡಿದವರೂ ಅವರೇ.

"ಅವರು ಇದ್ದಾಗ ಬೇಕಾದಷ್ಟು ಹೊಡದಾಡೇನಿ," ಎಂದರು ಕಾಕಾ. "ಈಗ ಎದುರಾಳಿ ಇಲ್ಲದ ಕಣದಾಗ ನಿಂತು ಗೆದ್ದೆ ಅನ್ನೋದು ನನಗ ಬ್ಯಾಡ್ರಿ."

ಏನು ಮಾಡಬೇಕೆಂದು ನಾನೇ ಹೇಳಲಿ ಎಂದು ಎಲ್ಲರೂ ನನ್ನತ್ತ ತಿರುಗಿದರು. ನಿಜ ಹೇಳುತ್ತೇನೆ, ನನಗೆ ಒಳಗೇ ಸಿಟ್ಟು ಬಂದಿತ್ತು. ಇದಕ್ಕಾಗಿ ಇಷ್ಟು ದೂರ ಕರೆಸಿದಿರಾ ಎನ್ನಬೇಕೆನಿಸಿತು. ನಾಳೆ ಹೇಳುತ್ತೇನೆ ಎಂದಷ್ಟೇ ಹೇಳಿದೆ. ಆಮೇಲೆ ಬಂದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ರುಚಿ ನೋಡುವ ಮನಸ್ಸೂ ಇರಲಿಲ್ಲ.

ಆ ರಾತ್ರಿ ನನಗೆ ತಂಗಲು ಧಾರವಾಡದಲ್ಲಿ ಗಿರಿಜಾ ಮೇಡಂ ಮನೆ. ಹುಬ್ಬಳ್ಳಿಯ ಗದ್ದಲ ಹಿಂದೆ ಉಳಿದು, ದಾರಿಯ ಎರಡೂ ಕಡೆ ಮರಗಳು ಬಂದವು. ಸಂಜೆ ಮನೆಯ ಹತ್ತಿರದ ಏರುದಾರಿಯಲ್ಲಿ ಇಬ್ಬರೂ ಸುತ್ತಾಡಿದೆವು. ಚೀಲ ಹೊತ್ತ ಹುಡುಗ ಹುಡುಗಿಯರು ಸ್ಪರ್ಧಾ ಪರೀಕ್ಷೆಯ ತರಬೇತಿಯಿಂದ ಗುಂಪಾಗಿ ಬರುತ್ತಿದ್ದರು. ಮೇಡಂ ಆ ವಿಷಯ ತೆಗೆಯಲಿಲ್ಲ. ಬದಲಿಗೆ, ಸುಮಿತ್ರಾ ತೀರಿಕೊಂಡ ಮೇಲೆ ಬುಧವಾರದ ಚರ್ಚೆಯನ್ನು ಮತ್ತೆ ಭಾನುವಾರಕ್ಕೆ ಹಾಕಿಕೊಳ್ಳಲು ಯಾರಿಗೂ ಮನಸ್ಸಾಗಿಲ್ಲ ಎಂದರು. ಸಲೀಂ ಇವತ್ತಿಗೂ ಬುಧವಾರ ಕಾಲೇಜಿನಲ್ಲಿ ಅರ್ಧ ದಿನ ರಜೆ ಹಾಕುತ್ತಾರಂತೆ.

ಆಗ ನನಗೆ ಡಯಾಲಿಸಿಸ್ ಕೋಣೆಯ ಒಂದು ಮಧ್ಯಾಹ್ನ ನೆನಪಾಯಿತು. ಅಂದು ಕಾಕಾ ಅವಳನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದರು. ಫೋನು ಇಟ್ಟ ಮೇಲೆ ನನಗೇ ಕೆಡುಕೆನಿಸಿ, ಇಷ್ಟು ನೋವಿನಲ್ಲಿರುವವಳ ಮೇಲೆ ಅವರು ದನಿ ಏರಿಸಬಾರದಿತ್ತು ಎಂದೆ. ಸುಮಿತ್ರಾ ಹೇಳಿದ್ದು ಇಷ್ಟೇ: "ಅಕ್ಕ, ಇಡೀ ಊರು ನನ್ನನ್ನ ಪಾಪ ಅಂತ ನೋಡತ್ತೆ. ತಪ್ಪು ಅಂತ ಹೇಳೋರು ಇವರು ಮಾತ್ರ." ಹೇಳುವಾಗ ಅವಳ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಕಳೆ ಇತ್ತು.

ಮೇಡಂಗೆ ಅದನ್ನು ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಸಿಟ್ಟು ಎಲ್ಲಿ ಹೋಯಿತೋ. ಓದಿ, ಆದರೆ ಕಾಕಾರೇ ಓದಬೇಕು ಎಂದೆ. ಮೇಡಂ ನಿಂತು, ಸೆರಗಿನಿಂದ ಕನ್ನಡಕ ಒರೆಸಿಕೊಂಡು, "ಭಾಳ ಉಪಕಾರ ಆತ್ರಿ" ಎಂದರು. ಆ ಮಾತು ಹೇಳಬೇಕಾಗಿದ್ದವಳು ನಾನು.

ಮರುದಿನ ಕಾಕಾರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಸಭೆ ಸೇರುವ ಕಾಲೇಜಿನ ಸಭಾಂಗಣದ ಮೆಟ್ಟಿಲ ಮೇಲೆ, ಕೈಯಲ್ಲಿ ಫೇಡೆಯ ಪೊಟ್ಟಣ ಹಿಡಿದುಕೊಂಡು ಅವರು ಒಲ್ಲೆ ಒಲ್ಲೆ ಎನ್ನುತ್ತಲೇ ಇದ್ದರು. ಬೇರೆ ಯಾರು ಓದಿದರೂ ಅದು ಬರೀ ವರದಿಯಾಗುತ್ತದೆ, ನೀವು ಓದಿದರೆ ಜಗಳವಾಗುತ್ತದೆ, ಅವಳಿಗೆ ಬೇಕಾದದ್ದು ಅದೇ ಎಂದೆ. ಕಾಕಾ ಪೊಟ್ಟಣವನ್ನು ನನ್ನ ಕೈಗಿಟ್ಟು ಒಳಗೆ ಹೋದರು.

ಸಭೆಗೆ ಬಂದವರು ನೂರಕ್ಕೆ ಕಡಿಮೆ ಇರಬೇಕು. ಹೆಚ್ಚಿನವರು ವಿದ್ಯಾರ್ಥಿಗಳು, ಕೆಲವರು ಮೇಷ್ಟ್ರುಗಳು, ಕಾಕಾರ ಪರಿಚಯದ ವ್ಯಾಪಾರಸ್ಥರು ಹಿಂದಿನ ಸಾಲಿನಲ್ಲಿ. ಮೊದಲು ಮೇಡಂ, ಆಮೇಲೆ ಸಲೀಂ ತಮ್ಮ ತಮ್ಮ ತಪ್ಪುಗಳನ್ನು ಓದಿದರು. ಸಲೀಂ ಒಂದು ಹೊಸ ರಾಕೆಟ್ಟು ಬೇಗ ಸಿದ್ಧವಾಗುತ್ತದೆಂದು ನಂಬಿ ಮೋಸಹೋಗಿದ್ದರು, ಜನ ನಕ್ಕರು. ನಂತರ ಕಾಕಾ ಎದ್ದರು. ಪರದೆಯ ಮೇಲೆ ಎರಡು ಗೆರೆ ಮೂಡಿದವು, ಒಂದು ಸುಮಿತ್ರಾಳದು, ಕೆಳಕ್ಕೆ ಜಾರುವಂಥದು. ಇನ್ನೊಂದು ನಡೆದದ್ದು, ಹೆಚ್ಚು ಬಾಗದೆ ಮುಂದೆ ಹೋದದ್ದು. "ಇದು ಮೈಸೂರಿನ ಸುಮಿತ್ರಾ ಟೀಚರ್ ಅವರ ಅಂದಾಜು. ತಪ್ಪಿತು," ಎಂದರು ಕಾಕಾ. ದನಿ ಸ್ವಲ್ಪ ನಡುಗಿತು. ಆಮೇಲೆ ನಡುಗಲಿಲ್ಲ. ಎಲ್ಲಿ ತಪ್ಪಿತು, ತಾವು ಯಾಕೆ ಒಪ್ಪಿರಲಿಲ್ಲ ಎಂಬುದನ್ನು ಫೋನಿನಲ್ಲಿ ಅಂದು ವಾದಿಸಿದ ಹಾಗೆಯೇ, ಅದೇ ರಭಸದಲ್ಲಿ ವಿವರಿಸಿದರು.

ನಡುವಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುವವಳಂತೆ. ಸುಮಿತ್ರಾ ಯಾರು, ಏನಾದರು ಎಂದು ಅವಳಿಗೆ ಗೊತ್ತಿರಲಿಲ್ಲ.

"ಕಾಕಾ, ನಾ ಟೀಚರ್ ಕಡೆ ಅದೀನ್ರಿ," ಎಂದಳು. "ಈಗ ಎರಡನೇ ಅಂಗಡಿ ತೆರಿಯಾಕತ್ತೈತಲ್ರಿ, ಬ್ಯಾರೇ ದೇಶದವರೂ ಮಾಡಾಕತ್ತಾರ. ಆಗ ದರ ಇಳದ್ರ ಅವರ ಗೆರಿ ತಪ್ಪಲ್ಲ, ತಡಾ ಆಗೇತಿ ಅಷ್ಟ. ಟೀಚರ್ ಬಂದಾರೇನ್ರಿ? ಅವರೇನಂತಾರ?"

ಕಾಕಾ ನನ್ನತ್ತ ನೋಡಿದರು. ಹೇಳಿ ಎಂದು ನಾನು ತಲೆಯಾಡಿಸಿದೆ.

"ಟೀಚರ್ ತೀರಿಹೋಗ್ಯಾರವಾ," ಎಂದರು ಕಾಕಾ. "ಆದ್ರ ಅವರೂ ಇದನ್ನ ಅಂತಿದ್ರು. ನಾ ಒಪ್ಪತಿರಲಿಲ್ಲ. ಈಗಲೂ ಒಪ್ಪಂಗಿಲ್ಲ."

ಆ ಹುಡುಗಿ ಗಾಬರಿಯಾಗಿ ಕೂರಲು ಹೋದಳು. ಕಾಕಾ ಬಿಡಲಿಲ್ಲ, ನಿಂತೇ ಮಾತಾಡು ಎಂದರು. ಅವಳು ಮಾತಾಡಿದಳು. ಹಿಂದಿನ ಸಾಲಿನ ವ್ಯಾಪಾರಸ್ಥರೊಬ್ಬರು ಕಾಕಾರ ಪಕ್ಷ ಹಿಡಿದರು. ಸಲೀಂ ಹುಡುಗಿಯ ಕಡೆ ವಾಲಿದರು. ಸುಮಿತ್ರಾ ಟೀಚರ್ ಹೀಗೆ ಯೋಚಿಸಿದ್ದು ಯಾಕೆ, ಟೀಚರ್ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೇ ಎಂದು ಅವಳ ಹೆಸರು ಸಭೆಯ ತುಂಬ ಓಡಾಡಿತು.

ಮೈಸೂರಿನಲ್ಲಿ ಆಷಾಢದಿಂದ ಈಚೆಗೆ ಮನೆಗೆ ಬಂದವರೆಲ್ಲ ಅವಳನ್ನು ಹೊಗಳಿದ್ದರು. ಎಂಥ ತಾಳ್ಮೆ, ಎಂಥ ಒಳ್ಳೆಯವಳು ಎಂದು. ಒಂದೊಂದು ಹೊಗಳಿಕೆಗೂ ಅವಳು ಇನ್ನಷ್ಟು ದೂರ ಹೋಗುತ್ತಿದ್ದಳು. ಧಾರವಾಡದ ಆ ಸಭೆಯಲ್ಲಿ ಅರ್ಧ ಗಂಟೆ ಅವಳೊಡನೆ ಜನ ಜಗಳವಾಡಿದರು. ನಾನು ಅಳುತ್ತಿದ್ದೆ, ಆದರೆ ಅಷ್ಟು ಸಮಾಧಾನ ನನಗೆ ಬಹಳ ತಿಂಗಳಿಂದ ಆಗಿರಲಿಲ್ಲ.

ಸಂಜೆಯ ರೈಲಿಗೆ ಧಾರವಾಡ ಸ್ಟೇಷನ್ನಿಗೆ ಕಾಕಾ, ಮೇಡಂ, ಸಲೀಂ ಮೂವರೂ ಬಂದರು. ಹೇಳಬೇಕೆಂದು ಮೈಸೂರಿನಿಂದ ಹೊತ್ತು ತಂದಿದ್ದ ಮಾತುಗಳನ್ನು ಹೇಳಲು ಹೋದೆ. ಅಷ್ಟರಲ್ಲಿ ಗಿರಿಜಾ ಮೇಡಂ ರೊಟ್ಟಿ, ಮೊಸರಿನ ಬುತ್ತಿಯನ್ನು ಕೈಗಿಟ್ಟು, ಮೊಸರು ಬೇಗ ಹುಳಿಯಾಗುತ್ತದೆ, ಹಾವೇರಿ ಬರುವ ಮೊದಲೇ ಉಂಡುಬಿಡಿ ಎಂದರು. ಕಾಕಾ ಬರೀ ಕೈಮುಗಿದರು.

ರೈಲು ಹೊರಟಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮೂವರೂ ಸ್ವಲ್ಪ ಹೊತ್ತು ಕೈ ಬೀಸಿದರು. ಆಮೇಲೆ ಸಲೀಂ ಏನೋ ಅಂದಿರಬೇಕು, ಕಾಕಾ ಸರಕ್ಕನೆ ಅವರ ಕಡೆ ತಿರುಗಿ, ಬೀಸುತ್ತಿದ್ದ ಅದೇ ಕೈಯನ್ನು ಅಲ್ಲ ಅಲ್ಲ ಎಂದು ಆಡಿಸತೊಡಗಿದರು. ಮೇಡಂ ನಡುವೆ ಬಂದರು. ಪ್ಲಾಟ್‌ಫಾರ್ಮು ತಿರುವಿನಲ್ಲಿ ಮರೆಯಾಗುವ ತನಕವೂ ಅವರಲ್ಲಿ ಯಾರೊಬ್ಬರೂ ಮತ್ತೆ ರೈಲಿನತ್ತ ನೋಡಲಿಲ್ಲ.