ಈದ್ ಕಥೆ ಇವಳೇ ಓದಬೇಕಂತೆ

ಸವಣೂರಿನ ಶಾಲೆಯೊಂದಕ್ಕೆ ವಾರಕ್ಕೊಮ್ಮೆ ಮಕ್ಕಳಿಂದ ಕಥೆ ಓದಿಸಲು ಹೋಗುತ್ತೇನೆ. ಒಂದು ಪುಟದಲ್ಲಿ ಕನ್ನಡ, ಎದುರು ಪುಟದಲ್ಲಿ ಇಂಗ್ಲಿಷ್ ಇರುವ ಪುಸ್ತಕಗಳು. ನಾನು ಓದಿದ ಕಾನ್ವೆಂಟಿನಲ್ಲಿ ಇಂಥವು ಇರಲಿಲ್ಲ. ಎಂದೂ ಕಾಣದ ಹಿಮದ ಕಥೆಗಳನ್ನು ಓದಿಯೇ ಬೆಳೆದೆವು. ಆನೆಸ್ಟ್ಲಿ, ಆ ಹಿಮ ನನಗೆ ಇಂದಿಗೂ ಇಷ್ಟ.

ಶಾಲೆ ನೋಡಲು ಅತಿಥಿಗಳು ಬರುವವರಿದ್ದರು; ಅವರೆದುರು ಯಾರು ಯಾವ ಕಥೆ ಓದಬೇಕೆಂದು ಕ್ಲಾಸ್ ಟೀಚರ್ ಹಂಚುತ್ತಿದ್ದರು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ತಿಮಿಂಗಿಲದ ಕಥೆಯನ್ನು ಎರಡೂ ಭಾಷೆಯಲ್ಲಿ ಓದಲು ಕಲಿತು ಬಂದಿದ್ದಳು. ಟೀಚರ್ ಅದನ್ನು ಕಸಿದು ಈದ್ ಹಬ್ಬದ ಪುಸ್ತಕ ಕೊಟ್ಟರು. ಹೋದ ವರ್ಷವೂ ಅವಳಿಗೆ ಅದೇ ಸಿಕ್ಕಿತ್ತು.

"ಅಕ್ಕೋರ, ಈದ್ ನಮ್ಮ ಮನ್ಯಾಗ ಮಾಡ್ತೇವ್ರಿ. ಸಮುದ್ರ ನೋಡಿಲ್ರಿ," ಎಂದಳು.

"ಭಾಳ ಶಾಣ್ಯಾ ಆಗೀದಿ, ಕುಂದ್ರು!" ಎಂದು ಗದರಿದ ಟೀಚರ್ ನನ್ನತ್ತ ತಿರುಗಿ, "ಬಂದ ಮಂದಿಗೆ ಮಲ್ಟಿಕಲ್ಚರಲ್ ಅಂತ ಕಾಣಬೇಕಲ್ರಿ, ಮೇಡಂ," ಎಂದು ನಕ್ಕರು.

ಕಾಣಬೇಕಂತೆ! ಮಗು ಅಕ್ಷರ ಕಲಿಯುವುದು ತನ್ನ ಮನೆಯಂಗಳದಲ್ಲೇ ಸುತ್ತುವುದಕ್ಕೇನು? ಗಣಪತಿ ಹಬ್ಬದ ಕಥೆಯನ್ನಷ್ಟೇ ಓದಿ ಎಂದು ಉಳಿದ ಮಕ್ಕಳಿಗೆ ಯಾರೂ ಹೇಳಲಿಲ್ಲ. ಅವರಿಗೆ ಹುಲಿ, ರಾಕೆಟ್, ಸರ್ಕಸ್ ಎಲ್ಲವೂ ಇತ್ತು. ನಾನ್‌ಸೆನ್ಸ್!

ಅತಿಥಿಗಳು ಬಂದ ದಿನ ಅವಳು ಈದ್ ಕಥೆಯನ್ನೇ ಓದಿದಳು. "ಸೋ ಸ್ವೀಟ್" ಎಂದು ಅವರು ಫೋಟೊ ತೆಗೆದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಈಕಿದು ಇನ್ನೊಂದು ಕಥಿ ಐತ್ರಿ," ಎಂದು ತಿಮಿಂಗಿಲದ ಪುಸ್ತಕವನ್ನು ಅವಳ ಕೈಗಿಟ್ಟೆ. ಟೀಚರ್ ನನ್ನನ್ನು ದುರುಗುಟ್ಟಿ ನೋಡಿದರು. ಎರಡನೆಯ ಪುಟಕ್ಕೇ ಅತಿಥಿಗಳು ಊಟಕ್ಕೆ ಎದ್ದರು. ಹುಡುಗಿ ಓದು ನಿಲ್ಲಿಸಿ ನನ್ನ ಮುಖ ನೋಡಿದಳು.

"ನೀ ಓದವ್ವ," ಎಂದೆ.

ಕುರ್ಚಿ ಎಳೆಯುವ ಸದ್ದಿಗಿಂತ ಗಟ್ಟಿಯಾಗಿ ಓದತೊಡಗಿದಳು.