ಬೆಟ್ಟದ ಸ್ಟೇಷನ್ನಿನಲ್ಲಿ ಉಳಿದ ಮಗು

ಮೊನ್ನೆ ಆಸ್ಪತ್ರೆಯಲ್ಲಿ ಹೊಸ ಆಕ್ಸಿಜನ್ ಮಾಸ್ಕಿನ ಪೊಟ್ಟಣ ಒಡೆದಾಗ ಮೂಗಿಗೆ ಬಡಿದ ಪ್ಲಾಸ್ಟಿಕ್ ವಾಸನೆಗೆ, ಅಮೆರಿಕದ ಗೈದರ್ಸ್‌ಬರ್ಗಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ನೆನಪಾದರು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ರೈಲಿನಲ್ಲಿ ಉಸಿರು ಕಟ್ಟಿದವರಿಗೆ ಆಕ್ಸಿಜನ್ ಕೊಡಲೆಂದೇ ಬಿಳಿ ಕೋಟಿನವನೊಬ್ಬ ಓಡಾಡುತ್ತಿದ್ದ ಎಂದು ಅವರು ಹೇಳಿದಾಗ, ಡಾಕ್ಟರಾದ ನಾನೇ ನಂಬಿರಲಿಲ್ಲ.

ಅಂಕಲ್ ಮಂಗಳೂರಿನ ಕ್ರೈಸ್ತರು. ಅಮೆರಿಕಕ್ಕೆ ಬರುವ ಮೊದಲು, ಮದುವೆಯಾದ ಹೊಸತರಲ್ಲಿ, ಆ ರೈಲು ಓಡಿಸುತ್ತಿದ್ದ ಕಂಪನಿಯಲ್ಲಿ ಬ್ರೇಕ್ ಇಂಜಿನಿಯರ್ ಆಗಿದ್ದರು. ಮೋಡಕ್ಕಿಂತ ಮೇಲಿನ ಒಂದು ಸ್ಟೇಷನ್ನಿನಲ್ಲಿ ಕ್ವಾರ್ಟರ್ಸ್. ಅಲ್ಲಿಯೇ ಅವರ ಮಗಳು ಹುಟ್ಟಿ, ನಾಲ್ಕೇ ತಿಂಗಳಿಗೆ ನ್ಯುಮೋನಿಯಾದಿಂದ ತೀರಿಕೊಂಡಳು. ಸ್ಟೇಷನ್ನಿನ ಹಿಂದಿದ್ದ ಕಂಪನಿಯ ಸ್ಮಶಾನದಲ್ಲಿ ಅವಳನ್ನು ಮಣ್ಣು ಮಾಡಿ, ವರ್ಷದೊಳಗೆ ಗಂಡಹೆಂಡತಿ ಬೆಟ್ಟ ಇಳಿದುಬಿಟ್ಟರು. ಆಮೇಲೆ ಮಕ್ಕಳಾಗಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ಅಂಕಲ್ ಕಂಪನಿಗೆ ಕಾಗದ ಬರೆಯುತ್ತಿದ್ದರು. ಮಗುವಿನ ಗೋರಿಯ ಶಿಲುಬೆಗೆ ಬಣ್ಣ ಹಚ್ಚಿದ್ದೇವೆ ಎಂದು ಅಲ್ಲಿನ ಸ್ಟೇಷನ್ ಮಾಸ್ಟರ್ ಎರಡು ಸಾಲು ಉತ್ತರಿಸುತ್ತಿದ್ದ. ಇದನ್ನೆಲ್ಲ ನನಗೆ ಹೇಳಿದ್ದು ಆಂಟಿ, ಬಟ್ಟೆ ಮಡಚುತ್ತ, ಬೇರೆ ಯಾರದೋ ಮನೆಯ ಸುದ್ದಿಯೆಂಬಂತೆ...

ತೊಂಬತ್ತರ ದಶಕದ ಒಂದು ವಸಂತದಲ್ಲಿ ಬಂದ ಕಾಗದ ಬೇರೆ ಥರದ್ದಾಗಿತ್ತು. ಕಂಪನಿ ಕೈ ಬದಲಾಗಿತ್ತು. ಪ್ರಯಾಣಿಕರ ರೈಲು ಆ ವರ್ಷಕ್ಕೇ ಕೊನೆ, ಇನ್ನು ಅದಿರಿನ ಗೂಡ್ಸ್ ಮಾತ್ರ. ಇನ್ನೊಂದು ಹಳಿ ಹಾಕಲು ಸ್ಮಶಾನದ ಜಾಗ ಬೇಕು. ಬೇಕಾದವರು ವರ್ಷದೊಳಗೆ ಬಂದು ತಮ್ಮವರ ಅಸ್ಥಿ ಒಯ್ಯಬಹುದು, ಉಳಿದವನ್ನು ಕೆಳಗಿನ ಪಟ್ಟಣದಲ್ಲಿ ಒಂದೇ ಗುಂಡಿಯಲ್ಲಿ ಇಡಲಾಗುವುದು.

ಅಂಕಲ್‌ಗೆ ಆಗ ಬೈಪಾಸ್ ಆಗಿ ಎರಡು ತಿಂಗಳು. ಕಾಗದ ಹಿಡಿದು ಬಂದು ನಮ್ಮ ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಕೂತರು.

"ಡಾಕ್ಟ್ರೇ, ಒಂದು ದಿವಸದ ಮಟ್ಟಿಗೆ ಹೋಗಿ ಬರ್ಬಹುದಾ? ರೈಲಲ್ಲಿ ಆಕ್ಸಿಜನ್ ಇರ್ತದೆ."

"ಬೇಡ ಅಂಕಲ್. ಅಷ್ಟು ಆಲ್ಟಿಟ್ಯೂಡ್ ನಿಮ್ಮ ಹಾರ್ಟ್ ತಡ್ಕೊಳಲ್ಲ. ನೆಕ್ಸ್ಟ್ ಇಯರ್ ನೋಡೋಣ."

"ನೆಕ್ಸ್ಟ್ ಇಯರ್ ರೈಲೂ ಇಲ್ಲ, ಜಾಗವೂ ಇಲ್ಲ ಮಾರಾಯ್ತಿ. ಅವಳನ್ನು ಎತ್ಕೊಳ್ಳುವವರು ಯಾರು?"

ಅಂಕಲ್ ಒಬ್ಬರನ್ನೇ ಮನೆಯಲ್ಲಿ ಬಿಟ್ಟು ತಾನು ಹೋಗಲು ಆಂಟಿ ಒಪ್ಪಲಿಲ್ಲ. ನಾನೇ ಹೋಗಿ ಬರುತ್ತೇನೆ ಎನ್ನುವುದು ನನಗೆ ಹೊಳೆಯಲೇ ಇಲ್ಲವೋ, ಹೊಳೆದರೂ ರಜೆಯ ನೆಪ ಹೇಳಿಕೊಂಡೆನೋ... ಈಗ ಖಚಿತವಾಗಿ ಹೇಳಲಾರೆ.

ಅಂಕಲ್ ನನ್ನ ಮಾತು ನಡೆಸಿಕೊಟ್ಟರು. ಬೇಸಿಗೆಯಿಡೀ ಪಥ್ಯ ಮಾಡಿದರು, ದಿನಕ್ಕೆರಡು ಸಲ ವಾಕ್ ಹೋದರು. ನವೆಂಬರಿನಲ್ಲಿ, ಮಗುವಿನ ಅಸ್ಥಿಯನ್ನೂ ಆ ಒಂದೇ ಗುಂಡಿಗೆ ಸೇರಿಸಬಹುದೆಂಬ ಕಂಪನಿಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಅಂಚೆಗೆ ಹಾಕಿದರು. ಜನವರಿಯಲ್ಲಿ ಒಂದು ಬೆಳಿಗ್ಗೆ, ಬೆಟ್ಟವೇ ಇಲ್ಲದ ನಮ್ಮ ಊರಿನಲ್ಲಿ, ಕಿಟಕಿಯ ಬಳಿ ಕೂತವರು ಕೂತಂತೆಯೇ ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ ಆಂಟಿಯ ಕೈ ಹಿಡಿದು, "ಹೋಗಿ ಬನ್ನಿ ಅನ್ಬೇಕಿತ್ತು ನಾನು," ಎಂದೆ.

"ನೀನು ಹೇಳಿದ್ದು ಸರಿಯೇ," ಎಂದರು. ಕೈ ಬಿಡಿಸಿಕೊಂಡು, "ಇವರು ಯಾಕೆ ಒಪ್ಪಿದ್ದೋ..." ಎಂದರು.

ಇಂಥ ಇನ್ನೊಬ್ಬ ರೋಗಿ ಬಂದರೆ ಇಂದಿಗೂ ನಾನು ಅದನ್ನೇ ಹೇಳುತ್ತೇನೆ. ಹೇಳಿದ ಮೇಲೆ ಅವರ ಮುಖ ನೋಡಲು ಮಾತ್ರ ಆಗುವುದಿಲ್ಲ.

ಕಳೆದ ವಸಂತದಲ್ಲಿ ಆಂಟಿಯೂ ಹೋದರು. ಅಂಕಲ್ ತೀರಿಕೊಂಡಾಗಲೇ ಅವರು ಸ್ಮಶಾನದಲ್ಲಿ ಮೂರು ಜನರ ಜಾಗ ಕೊಂಡಿಟ್ಟಿದ್ದರೆಂದು ಆ ದಿನ ಗೊತ್ತಾಯಿತು. ಆ ತುದಿಗೆ ಅಂಕಲ್, ಈ ತುದಿಗೆ ಆಂಟಿ. ನಡುವೆ ಬರೀ ಹುಲ್ಲು... ನಾಲ್ಕು ತಿಂಗಳ ಮಗುವಿಗೆ ಅಷ್ಟು ಜಾಗ ಬೇಕಿರಲಿಲ್ಲ.